ಪ್ರೇಯರ್ ಹಾಲಿನಲ್ಲಿ ಮನೆ ಹೂಡಿದ್ದು

೧೯೯೦ರ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆ ಕಳೆದು ಸುಮಾರು ಇಪ್ಪತ್ತು ನಿಮಿಷವಾಗಿತ್ತು. ಕುವೈತಿನ ಖೈತಾನ್‌ನಲ್ಲಿ ಒಂದು ಹಳದಿ ಕಟ್ಟಡದ ನೆಲ ಅಂತಸ್ತಿನ ಹಾಲಿನೊಳಗೆ, ಮುಂಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಎಡಗೋಡೆಯ ಏರ್‌ಕಂಡಿಷನರಿನ ಕೆಳಗೆ ನಾನು ನಿಂತಿದ್ದೆ. ಬರಿಗಾಲಿನಲ್ಲಿದ್ದೆ. ಕೈಯಲ್ಲಿ ನನ್ನ ಮತ್ತು ಹೆಂಡತಿಯ ಪಾಸ್‌ಪೋರ್ಟುಗಳು, ಇಕಾಮಾದ, ಎಂದರೆ ಅಲ್ಲಿ ವಾಸಿಸುವ ಪರವಾನಗಿಯ, ಕಾರ್ಡುಗಳು ಇದ್ದವು. ಎದುರಿಗೆ ಒಂದು ಮಾರು ದೂರದಲ್ಲಿ ಇರಾಕಿ ಸೇನೆಯ ಅಧಿಕಾರಿಯೊಬ್ಬ ನಿಂತಿದ್ದ. ಅವನ ಹಿಂದೆ ಬಾಗಿಲಲ್ಲಿ ಇಬ್ಬರು ಸಿಪಾಯಿಗಳಿದ್ದರು. ನನ್ನ ಬಲಗಡೆ, ಹತ್ತು ಹೆಜ್ಜೆ ಆಚೆ, ಜಮಖಾನದ ಅಡಿಯ ಮರದ ಹಲಗೆಗಳ ಕೆಳಗೆ ಒಬ್ಬ ಮನುಷ್ಯ ಸದ್ದಿಲ್ಲದೆ ಮಲಗಿದ್ದ.

ಅಳತೆಗಳನ್ನು ಹೀಗೆ ಹೇಳುವುದಕ್ಕೆ ಕಾರಣವಿದೆ. ಆ ದಿನದ ಸಂಗತಿಯನ್ನು ನಮ್ಮ ನೆಂಟರಿಷ್ಟರು ತಮಗೆ ಬೇಕಾದಂತೆ ಬೆಳೆಸಿದ್ದಾರೆ. ಒಂದು ಮದುವೆ ಮನೆಯಲ್ಲಿ, ನಾನು ಸೈನಿಕರೆದುರು ಎದೆಯೊಡ್ಡಿ ಮಾತಾಡಿದೆನೆಂದು ಯಾರೋ ಹೇಳುವುದನ್ನು ನನ್ನ ಕಿವಿಯಿಂದಲೇ ಕೇಳಿದೆ. ಹಾಗೆ ಆಗಲಿಲ್ಲ. ನಾನು ನಿಂತಲ್ಲಿಂದ ಏನು ಕಾಣುತ್ತಿತ್ತು, ನಾನು ಏನು ಮಾಡಿದೆ, ಏನು ಮಾಡಲಿಲ್ಲ ಎನ್ನುವುದನ್ನು ನೆನಪು ಗಟ್ಟಿಯಾಗಿರುವಾಗಲೇ ಬರೆದಿಡಬೇಕು.

ಮೊದಲು ಆ ಹಾಲಿನ ವಿಷಯ ಹೇಳುತ್ತೇನೆ. ಕಟ್ಟಡದ ಮಾಲಕ ಕುವೈತಿ. ನೆಲ ಅಂತಸ್ತನ್ನು ಅವನು ಕಾರು ನಿಲ್ಲಿಸಲೆಂದು ಕಟ್ಟಿಸಿದ್ದ. ನಾನು ಆ ದೇಶಕ್ಕೆ ಹೋಗುವ ಮೊದಲೇ ಅದನ್ನು ಒಂದು ಸಣ್ಣ ಕ್ರೈಸ್ತ ಸಭೆಯವರು ಬಾಡಿಗೆಗೆ ಹಿಡಿದು, ಕಾರಿನ ಎಣ್ಣೆ ಕಲೆಗಳನ್ನು ತಿಕ್ಕಿ ತೆಗೆದು, ಪ್ರಾರ್ಥನೆಯ ಜಾಗ ಮಾಡಿಕೊಂಡಿದ್ದರು. ನಮ್ಮ ಊರಿನ ಇಗರ್ಜಿಗಳನ್ನು ನೋಡಿ ಬೆಳೆದ ನನಗೆ ಅದು ಕ್ರೈಸ್ತರ ಜಾಗ ಎಂದು ಮೊದಲಿಗೆ ಅನ್ನಿಸಿರಲಿಲ್ಲ. ಗೋಪುರವಿಲ್ಲ, ಗಂಟೆಯಿಲ್ಲ, ಮೂರ್ತಿಯಿಲ್ಲ, ಮೇಣದ ಬತ್ತಿಯಿಲ್ಲ. ಗೋಡೆಯಲ್ಲಿ ಶಿಲುಬೆಯೂ ಇರಲಿಲ್ಲ. ಪಾದ್ರಿ ಎನ್ನುವವರೇ ಇಲ್ಲ. ಸಭೆಯ ಹಿರಿಯರು ಸರದಿಯ ಮೇಲೆ ಎದ್ದು ಪ್ರಸಂಗ ಮಾಡುತ್ತಿದ್ದರು. ಬಿಳಿ ಗೋಡೆ, ಹನ್ನೆರಡು ಬೆಂಚು, ಒಂದು ಮರದ ಪೀಠ, ಆ ದಿನ ಹಾಡಬೇಕಾದ ಗೀತೆಗಳ ನಂಬರು ಸಿಕ್ಕಿಸುವ ಒಂದು ಹಲಗೆ, ಇಷ್ಟೇ ಅಲ್ಲಿದ್ದದ್ದು. ಅಲ್ಲಿ ರಜೆ ಶುಕ್ರವಾರವಾದ್ದರಿಂದ ಅವರು ಸೇರುತ್ತಿದ್ದುದೂ ಶುಕ್ರವಾರವೇ.

ಪೀಠದ ಮುಂದೆ ನೆಲದೊಳಗೆ ಒಂದು ತೊಟ್ಟಿ ಇತ್ತು. ಆ ಸಭೆಯವರು ಎಳೆಯ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಲಿತವರು ತಾವಾಗಿ ಬೇಕೆಂದು ಹೇಳಬೇಕು. ಆಗ ಅವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಅದಕ್ಕಾಗಿ ಮಾಡಿದ ತೊಟ್ಟಿ ಅದು. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ಎದೆಮಟ್ಟದ ಆಳ, ಇಳಿಯಲು ಮೂರು ಮೆಟ್ಟಿಲು, ಸುತ್ತ ನೀಲಿ ಟೈಲ್ಸ್. ಉಳಿದ ದಿನಗಳಲ್ಲಿ ನೀರು ಖಾಲಿ ಮಾಡಿ, ಮೇಲೆ ಹಲಗೆ ಜೋಡಿಸಿ, ಕೆಂಪು ಜಮಖಾನ ಹಾಸುತ್ತಿದ್ದರು. ಅದನ್ನು ರಜೆಯ ದಿನಗಳಲ್ಲಿ ತಮ್ಮ ಕೈಯಿಂದಲೇ ಅಗೆದು ಕಟ್ಟಿದವರು ಸಭೆಯ ಹಿರಿಯರಲ್ಲಿ ಒಬ್ಬರಾದ ಸ್ಕಾಟ್ಲೆಂಡಿನ ಎಂಜಿನಿಯರರು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಅವರಿಗೆ ಕೆಲಸ. ಟೈಲ್ಸ್ ಕೂರಿಸುವ ಕೆಲಸ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಮೂರನೆಯ ಮೆಟ್ಟಿಲು ಸೊಟ್ಟಗಿತ್ತು.

ಯುದ್ಧ ಮುಗಿದ ಮೇಲೆ ಆ ಸಭೆ ಮತ್ತೆ ಅಲ್ಲಿ ಸೇರಲಿಲ್ಲ. ನಾವು ಬಿಟ್ಟ ನಂತರ ಸೈನಿಕರು ಅಲ್ಲಿ ಬೀಡುಬಿಟ್ಟು, ಚಳಿಗಾಲದಲ್ಲಿ ಬೆಂಚುಗಳನ್ನೂ ಹಲಗೆಗಳನ್ನೂ ಉರಿಸಿದ್ದರು. ೧೯೯೧ರ ಕೊನೆಯ ಭಾಗದಲ್ಲಿ ನಾನು ಮರಳಿ ಹೋದಾಗ ತೊಟ್ಟಿಯ ತುಂಬ ಖಾಲಿ ಡಬ್ಬಿಗಳಿದ್ದವು. ಮಾಲಕ ಮರಳು ತುಂಬಿಸಿ, ಸಿಮೆಂಟು ಹಾಕಿ, ಎರಡು ಗೋಡೆ ಎಬ್ಬಿಸಿ ಅದನ್ನು ಮನೆಯಾಗಿ ಬಾಡಿಗೆಗೆ ಕೊಟ್ಟ. ಹಿಡಿದವರು ನಾವೇ. ಎಷ್ಟೋ ವರ್ಷ ಅಲ್ಲಿ ಸಂಸಾರ ಮಾಡಿದೆವು. ಆದರೆ ಆ ಹಾಲು ಮನೆಯಾದದ್ದು ಆಗಲ್ಲ. ಅದು ಮನೆಯಾದದ್ದು ೧೯೯೦ರ ಆಗಸ್ಟ್ ಕೊನೆಯಲ್ಲಿ, ಒಂದೇ ಮಧ್ಯಾಹ್ನದಲ್ಲಿ.

ಆಗಸ್ಟ್ ಎರಡರಂದು ಇರಾಕಿ ಸೇನೆ ಕುವೈತನ್ನು ಹಿಡಿದ ಮೇಲೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಗುಮಾಸ್ತನಾಗಿದ್ದ ಕಂಪನಿ ಬಾಗಿಲು ಹಾಕಿತು. ನನಗೆ ವೀಸಾ ಕೊಟ್ಟ ಕುವೈತಿ ಧಣಿ, ಕಫೀಲ್, ಮನೆಯವರೊಂದಿಗೆ ಸೌದಿಗೆ ಹೋಗಿದ್ದ. ನಮ್ಮ ಫ್ಲ್ಯಾಟಿನ ಎದುರಿನ ಪೊಲೀಸ್ ಠಾಣೆಯಲ್ಲಿ ಸೈನಿಕರು ತುಂಬಿದ್ದರು. ಕಿಟಕಿಯ ಪರದೆ ಸರಿಸಲೂ ಹೆದರಿ ಮೂರು ವಾರ ಕಳೆದೆವು. ಆಗ ಒಂದು ಬೆಳಿಗ್ಗೆ ಸಿಸ್ಟರಮ್ಮ ಬಂದರು. ಸಿಸ್ಟರಮ್ಮ ಎಂದರೆ ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಮನೆತನದ ನರ್ಸು. ಐವತ್ತು ದಾಟಿದವರು, ಒಂಟಿ ಜೀವ, ಅದೇ ಸಭೆಯ ಸದಸ್ಯೆ. ನನ್ನ ಹೆಂಡತಿಗೆ ಟೈಫಾಯ್ಡ್ ಬಂದಾಗ ನೋಡಿಕೊಂಡದ್ದರಿಂದ ನಮಗೆ ಬಳಕೆ. ಸಭೆಯವರಲ್ಲಿ ಹೆಚ್ಚಿನವರು ಊರು ಬಿಟ್ಟಾಗಿತ್ತು. ಹಾಲಿನ ಬೀಗದ ಕೈ ಸಿಸ್ಟರಮ್ಮನಲ್ಲಿತ್ತು.

"ಹಾಲ್ ಖಾಲಿ ಉಂಟು ಅಂತ ಗೊತ್ತಾದ್ರೆ ಮಿಲಿಟ್ರಿಯವರು ಬಂದು ಕೂತ್ಕೊಳ್ತಾರೆ" ಎಂದರು. "ಆಚೆ ರಸ್ತೆಯ ಸ್ಕೂಲಿನಲ್ಲಿ ಕೂತಿದ್ದಾರಲ್ಲ, ಹಾಗೆ. ಸಂಸಾರ ಇದ್ರೆ ಅಷ್ಟು ಬೇಗ ಕೈ ಹಾಕ್ಲಿಕ್ಕಿಲ್ಲ. ನೀವಿಬ್ಬರು ಬಂದು ಒಲೆ ಹಚ್ಚಿ. ಬಟ್ಟೆ ಒಣಗ್ಲಿಕ್ಕೆ ಹಾಕಿ. ನೋಡಿದವರಿಗೆ ಮನೆ ಅಂತ ಕಾಣ್ಬೇಕು, ಅಷ್ಟೆ."

"ದೇವರ ಜಾಗದಲ್ಲಿ ಮೀನು ಬೇಯ್ಸುದಾ ಸಿಸ್ಟರಮ್ಮ?" ಎಂದು ಹೆಂಡತಿ ಕೇಳಿದಳು.

"ಮೀನು ಎಲ್ಲುಂಟು ಮಾರಾಯ್ತಿ ಈಗ? ಸಿಕ್ಕಿದ್ರೆ ನನಗೂ ಒಂದು ತುಂಡು ಇಡು."

ಸಾಮಾನು ಸಾಗಿಸಲು ಬಂದವನು ಮೇಸ್ತ್ರಿ. ಅವನು ಬಾಗಲಕೋಟೆ ಕಡೆಯ ವೆಲ್ಡರ್. ನಮ್ಮ ಕಂಪನಿಯ ಗೋದಾಮಿನ ಪಕ್ಕದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಆಗ ಅವನಿಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಅವನ ಕೋಣೆಯವರೆಲ್ಲ ಜೋರ್ಡಾನಿನ ದಾರಿ ಹಿಡಿದಿದ್ದರು. ಹಾಗಾಗಿ ಅವನೂ ನಮ್ಮೊಂದಿಗೆ ಉಳಿದುಕೊಂಡ.

"ಎರಡ ಬಾಕು ಎದರಾಬದರಾ ಇಟ್ಟು ಹಗ್ಗ ಬಿಗದ್ರ ಪಲ್ಲಂಗ ಆತ ನೋಡ್ರಿ" ಎಂದು ಬೆಂಚುಗಳನ್ನು ಎಳೆದ. "ರಾಜಾ ರಾಣಿ ಮಲಗಿದಂಗ ಮಲಗ್ರಿ ಅಣ್ಣಾರ. ಸಿಸ್ಟರಮ್ಮಗೊಂದು, ನನಗೊಂದು. ಇನ್ನೂ ಆರ ಉಳದಾವ. ಬೀಗರು ಬಂದ್ರೂ ಚಿಂತಿಲ್ಲ."

ಸಂಜೆಯೊಳಗೆ ಅದು ಮನೆಯಾಯಿತು. ಗೀತೆಗಳ ನಂಬರಿನ ಹಲಗೆಯ ಮೇಲೆ ಹೆಂಡತಿ ಒಂದು ಕ್ಯಾಲೆಂಡರ್ ನೇತುಹಾಕಿದಳು. ಪೀಠದ ಮೇಲೆ ಗ್ಯಾಸ್ ಒಲೆ ಇಡೋಣವೆಂದರೆ ಒಪ್ಪಲಿಲ್ಲ. ಹಿಂದಿನ ಮೂಲೆಯಲ್ಲಿ ನೆಲದ ಮೇಲೆಯೇ ಇಟ್ಟಳು. ತೊಟ್ಟಿಯ ವಿಷಯ ಕೇಳಿದ ಮೇಲಂತೂ, "ಅದು ಅವರ ತೀರ್ಥದ ಜಾಗ, ಅದರ ಮೇಲೆ ಕಾಲಿಡಬೇಡಿ" ಎಂದು ನನಗೆ ತಾಕೀತು ಮಾಡಿದಳು. ಅಂದಿನಿಂದ ನಾವು ಮೂವರೂ ಜಮಖಾನವನ್ನು ಸುತ್ತಿ ಬಳಸಿಯೇ ನಡೆಯುತ್ತಿದ್ದೆವು. ಸಿಸ್ಟರಮ್ಮ ಚಪ್ಪಲಿ ಮೆಟ್ಟಿಕೊಂಡೇ ಅದರ ಮೇಲೆ ಹಾದುಹೋಗುತ್ತಿದ್ದರು. ನಾವು ಬಳಸಿ ನಡೆಯುವುದನ್ನು ಕಂಡು ನಗುತ್ತಿದ್ದರು. ನಾವು ಚಪ್ಪಲಿಯನ್ನು ಹೊರಗೇ ಬಿಡುತ್ತಿದ್ದೆವು, ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ. ಯಾರೂ ಹೇಳಿಕೊಟ್ಟದ್ದಲ್ಲ. ದೇವರ ಜಾಗ ಎಂದ ಕೂಡಲೇ ಕಾಲು ತಾನಾಗಿ ಹಾಗೆ ಮಾಡುತ್ತದೆ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಎಂಜಿನಿಯರರು ಬಂದರು. ಬ್ರಿಟಿಷರೂ ಅಮೆರಿಕದವರೂ ಹೊಟೇಲುಗಳಲ್ಲಿ ಬಂದು ಹಾಜರಾಗಬೇಕೆಂದು ಆಗಲೇ ಆಜ್ಞೆಯಾಗಿತ್ತು. ಹಾಜರಾದವರನ್ನು ಇರಾಕಿಗೆ ಒಯ್ದು ಕಾರ್ಖಾನೆಗಳಲ್ಲಿ, ಅಣೆಕಟ್ಟುಗಳಲ್ಲಿ ಒತ್ತೆಯಾಗಿ ಇಡುತ್ತಿದ್ದಾರೆಂದು ಸುದ್ದಿಯಿತ್ತು. ಅವರನ್ನು ಬಚ್ಚಿಟ್ಟವರಿಗೆ ಮರಣದಂಡನೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಎಂಜಿನಿಯರರು ಅಹ್ಮದಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅಡಗಿದ್ದರು. ಆ ಮನೆಯವರು ದೇಶ ಬಿಟ್ಟಾಗ ಇವರು ಸಿಸ್ಟರಮ್ಮನಿಗೆ ಹೇಳಿ ಕಳುಹಿಸಿದರು. ಮೇಸ್ತ್ರಿ ತನ್ನ ವರ್ಕ್‌ಶಾಪಿನ ಪಿಕಪ್ಪಿನಲ್ಲಿ, ಖಾಲಿ ಗ್ಯಾಸ್ ಸಿಲಿಂಡರುಗಳ ನಡುವೆ ಅವರನ್ನು ಮಲಗಿಸಿ, ಟಾರ್ಪಾಲು ಹೊದಿಸಿ ಕರೆತಂದ. ಆರು ಅಡಿ ಎತ್ತರದ, ಕೂದಲು ನೆರೆತ ಮನುಷ್ಯ. ಬೆನ್ನು ನೆಟ್ಟಗೆ ಮಾಡಲು ಅವರಿಗೆ ಬಹಳ ಹೊತ್ತು ಬೇಕಾಯಿತು.

ನಾನು ಬೇಡ ಎಂದೆ. ಇದನ್ನು ಬರೆಯದೆ ಬಿಡುವಂತಿಲ್ಲ. ಅವರು ಕೈಕಾಲು ತೊಳೆಯಲು ಹೋದಾಗ ಸಿಸ್ಟರಮ್ಮನನ್ನು ಮೂಲೆಗೆ ಕರೆದು ಹೇಳಿದೆ: "ಇದು ಆಗ್ಲಿಕ್ಕಿಲ್ಲ. ಇವರು ಸಿಕ್ಕಿಬಿದ್ರೆ ನಮ್ಮನ್ನೆಲ್ಲ ಗೋಡೆಗೆ ನಿಲ್ಲಿಸ್ತಾರೆ."

"ಗೊತ್ತುಂಟು. ಆದ್ರೆ ಈ ಹಾಲ್ ಮಾಡಿದ್ದು ಅವರು. ಅವರು ನಮ್ಮಲ್ಲಿಗೆ ಬಂದದ್ದಲ್ಲ, ನಾವು ಅವರಲ್ಲಿ ಬಂದು ಕೂತದ್ದು. ಹೊರಗೆ ಹೋಗಿ ಅಂತ ಯಾವ ಬಾಯಲ್ಲಿ ಹೇಳುದು? ನೀವು ಹೇಳ್ತೀರಾ?"

ನಾನು ಹೇಳಲಿಲ್ಲ. ಅದು ಧೈರ್ಯದಿಂದ ಅಲ್ಲ, ಹೇಳಲು ನಾಚಿಕೆಯಾಯಿತು. ಹೆಂಡತಿ ಆಗಲೇ ಒಂದು ಪಾವು ಅಕ್ಕಿ ಹೆಚ್ಚು ಹಾಕಿಯಾಗಿತ್ತು.

ಅಭ್ಯಾಸ ಮಾಡಿಕೊಂಡೆವು. ಹೊರಗಿನ ಗೇಟಿಗೆ ಮೇಸ್ತ್ರಿ ಒಂದು ಸರಪಳಿ ಸುತ್ತಿದ್ದ. ಅದು ಸದ್ದಾದ ಕೂಡಲೇ ಎಂಜಿನಿಯರರು ತೊಟ್ಟಿಗೆ ಇಳಿದು ಅಂಗಾತ ಮಲಗಬೇಕು. ಮೇಸ್ತ್ರಿ ಹಲಗೆ ಮುಚ್ಚಿ ಜಮಖಾನ ಎಳೆಯಬೇಕು. ಅವರ ತಟ್ಟೆ, ಲೋಟ, ಕನ್ನಡಕ, ಪುಸ್ತಕಗಳನ್ನು ಹೆಂಡತಿ ಎತ್ತಬೇಕು. ನಾನು ಕಾಗದಪತ್ರ ಹಿಡಿದು ನಿಲ್ಲಬೇಕು. ಅರಬ್ಬಿ ಬರುವ ಸಿಸ್ಟರಮ್ಮ ಬಾಗಿಲು ತೆಗೆಯಬೇಕು. ನಲವತ್ತು ಎಣಿಸುವುದರೊಳಗೆ ಎಲ್ಲ ಮುಗಿಯುತ್ತಿತ್ತು. ತೊಟ್ಟಿಯಲ್ಲಿ ಒಂದು ಸಣ್ಣ ಕೆಮ್ಮು ಬಂದರೂ ಟೈಲ್ಸಿಗೆ ಬಡಿದು ದೊಡ್ಡದಾಗಿ ಕೇಳಿಸುತ್ತಿತ್ತು. ಅದಕ್ಕಾಗಿ ಏರ್‌ಕಂಡಿಷನರ್ ಯಾವಾಗಲೂ ಚಾಲೂ ಇರಬೇಕೆಂದು ತೀರ್ಮಾನ ಮಾಡಿದೆವು. ಕೈಗಡಿಯಾರವನ್ನೂ ಬಿಚ್ಚಿಸಿದೆವು. ಯಾವುದನ್ನೂ ಬಿಟ್ಟಿಲ್ಲ ಎಂದು ನಂಬಿದ್ದೆವು.

ಎಂಜಿನಿಯರರು ಮೊದಲ ದಿನ ಬೂಟು ಹಾಕಿಕೊಂಡೇ ಒಳಗೆ ನಡೆದರು. ಅವರ ಸಭೆಯ ರೂಢಿ ಅದು. ಮರುದಿನ ಬೆಳಿಗ್ಗೆ ಹೆಂಡತಿ ನೆಲ ಒರೆಸುವುದನ್ನೂ ನಮ್ಮ ಬರಿಗಾಲನ್ನೂ ನೋಡಿ, ಇವರು ಯಾಕೆ ಹೀಗೆ ಎಂದು ಸಿಸ್ಟರಮ್ಮನಲ್ಲಿ ಇಂಗ್ಲಿಷಿನಲ್ಲಿ ಕೇಳಿದರು. ಇದು ಇವರಿಗೆ ದೇವರ ಮನೆ, ಅದಕ್ಕೇ ಬರಿಗಾಲು, ಎಂದು ಸಿಸ್ಟರಮ್ಮ ಹೇಳಿದರು. ಎಂಜಿನಿಯರರು ಬೆಂಚಿನ ಮೇಲೆ ಕುಳಿತು ಲೇಸು ಬಿಚ್ಚಿ, ಕಾಲುಚೀಲ ಮಡಚಿ ಬೂಟಿನೊಳಗೆ ತುರುಕಿ, ಬಾಗಿಲ ಒಳಬದಿಯಲ್ಲಿ ಇಟ್ಟರು. ಹೆಂಡತಿಗೆ ಸಂತೋಷವಾಯಿತು. ಹೊಸ್ತಿಲ ಒಳಗೆ ಬೂಟು ಇರುವುದು ಅವಳ ಕಣ್ಣಿಗೆ ಸೇರಲಿಲ್ಲ. ಎತ್ತಿ ಹೊರಗೆ ಒಯ್ದು ನಮ್ಮ ಚಪ್ಪಲಿಗಳ ಸಾಲಿನಲ್ಲಿ ನೇರವಾಗಿ ಜೋಡಿಸಿದಳು.

ಕಂದು ಬಣ್ಣದ, ಹನ್ನೊಂದನೆಯ ನಂಬರಿನ ಬೂಟುಗಳು. ಒಂದು ವಾರ ನಾವೆಲ್ಲ ಬಾಗಿಲು ದಾಟುವಾಗ ಅವುಗಳನ್ನು ನೋಡಿದೆವು. ನಾನೇ ಒಮ್ಮೆ ಅವುಗಳ ಮೇಲಿನ ಧೂಳು ಕೊಡವಿದ್ದೇನೆ. ಒಬ್ಬರಿಗೂ ಹೊಳೆಯಲಿಲ್ಲ.

ಆ ಶುಕ್ರವಾರ ಎಂಜಿನಿಯರರೂ ಸಿಸ್ಟರಮ್ಮನೂ ಮುಂದಿನ ಬೆಂಚಿನಲ್ಲಿ ಕುಳಿತು ಪಿಸುದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ನಾವು ಮೂವರು ಮರ್ಯಾದೆಗೆಂದು ಹಿಂದೆ ಕುಳಿತಿದ್ದೆವು. ಸರಪಳಿ ಸದ್ದಾಯಿತು. ನಾನು ಎಣಿಸಿದೆ. ಮೂವತ್ತಾರಕ್ಕೆ ಜಮಖಾನ ಹಾಸಿಯಾಗಿತ್ತು. ಹೆಂಡತಿ ಒಲೆ ಹಚ್ಚಿದಳು. ಸಿಸ್ಟರಮ್ಮ ಬಾಗಿಲು ತೆಗೆದರು.

ಅಧಿಕಾರಿ ಎಳೆಯ ವಯಸ್ಸಿನವನು. ಮೀಸೆ ನೀಟಾಗಿತ್ತು. ಮಾತು ಒರಟಾಗಿರಲಿಲ್ಲ. ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

"ಹಿಂದಿ?" ಎಂದು ಕೇಳಿದ. ಅಲ್ಲಿ ಭಾರತದವರನ್ನು ಹಾಗೆ ಕರೆಯುತ್ತಾರೆ.

"ಹಿಂದಿ" ಎಂದೆ. ಕಾಗದಗಳನ್ನು ಒಂದೊಂದಾಗಿ ನೋಡಿದ. ಸುತ್ತ ಕಣ್ಣು ಹಾಯಿಸಿದ. ಹಗ್ಗ ಕಟ್ಟಿದ ಬೆಂಚುಗಳು, ಒಣಗಲು ಹಾಕಿದ ಲಂಗ, ಪೀಠ, ಕ್ಯಾಲೆಂಡರ್.

"ಕನೀಸಾ?" ಎಂದ. ಚರ್ಚೇ ಎಂದು ಅರ್ಥ.

"ಬೈತ್" ಎಂದೆ. ಮನೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

ಒಬ್ಬ ಸಿಪಾಯಿ ನೀರು ಕೇಳಿದ. ಹೆಂಡತಿ ಹಿಂದಿನ ಮೂಲೆಯಿಂದ ಲೋಟ ಹಿಡಿದು ಹೊರಟಳು. ಒಲೆಯಿಂದ ಬಾಗಿಲಿಗೆ ನೇರ ದಾರಿ ಜಮಖಾನದ ಮೇಲಿನದು. ಅವಳು ಅದರ ಅಂಚಿಗೆ ಬಂದು, ನಿಂತು, ಬಲಕ್ಕೆ ತಿರುಗಿ, ಗೋಡೆಯ ಪಕ್ಕದಿಂದ ಬಳಸಿ ಬಂದಳು. ಅಧಿಕಾರಿಯ ಕಣ್ಣು ಅವಳನ್ನು ಹಿಂಬಾಲಿಸಿದ್ದನ್ನು ನಾನು ನೋಡಿದೆ. ಅವನು ಏನು ಯೋಚಿಸಿದನೋ ನಾನು ಹೇಳಲಾರೆ. ಅದೇ ಹೊತ್ತಿಗೆ ನನ್ನ ತಲೆಯ ಮೇಲಿನ ಏರ್‌ಕಂಡಿಷನರ್ ಒಮ್ಮೆ ನಡುಗಿ ನಿಂತಿತು. ಕರೆಂಟು ಹೋಗಿತ್ತು. ಹಾಲು ಎಷ್ಟು ನಿಶ್ಶಬ್ದವಾಯಿತೆಂದರೆ ಸಿಪಾಯಿ ನೀರು ನುಂಗುವ ಸದ್ದು ಕೇಳಿಸಿತು. ಕೆಳಗಿನವರು ಉಸಿರಾಡಿದರೆ ಅದೂ ಕೇಳಿಸಬೇಕು. ನನ್ನ ಅಂಗಾಲು ಬೆವರಿ ನೆಲಕ್ಕೆ ಅಂಟಿತ್ತು.

ಇನ್ನೊಬ್ಬ ಸಿಪಾಯಿ ಹೊರಗೆ ಹೋಗಿದ್ದವನು ಒಳಗೆ ಬಂದ. ಅವನ ಎಡಗೈಯ ಎರಡು ಬೆರಳಿನಲ್ಲಿ ಒಂದು ಕಂದು ಬೂಟು ನೇತಾಡುತ್ತಿತ್ತು. ಅದರೊಳಗಿಂದ ಕಾಲುಚೀಲ ನೆಲಕ್ಕೆ ಬಿತ್ತು.

"ಮಾಲ್ ಮನ್?" ಎಂದ ಅಧಿಕಾರಿ. ಯಾರದ್ದು?

ಅವನು ನನ್ನ ಕಾಲು ನೋಡಿದ. ನನ್ನದು ಏಳನೆಯ ನಂಬರು. ಮೇಸ್ತ್ರಿಯ ಕಾಲು ನೋಡಿದ. ಅವನದು ನನಗಿಂತ ಚಿಕ್ಕದು. ಮತ್ತೆ ನನ್ನ ಮುಖ ನೋಡಿ, ಇಂಗ್ಲಿಷಿನಲ್ಲಿ, ಈ ಮನೆಯ ಯಜಮಾನ ನೀನು ತಾನೇ, ಹೇಳು ಎಂದ.

ಆಗ ನನ್ನ ಕಣ್ಣು ಜಮಖಾನದ ಕಡೆ ಹೋಯಿತು.

ಬೇಕೆಂದು ಅಲ್ಲ. ಎಷ್ಟು ಹೊತ್ತು ಅಲ್ಲಿತ್ತೆಂದು ಹೇಳಲಾರೆ. ಒಂದು ರೆಪ್ಪೆ ಬಡಿಯುವಷ್ಟು ಇರಬಹುದು, ಹೆಚ್ಚೂ ಇರಬಹುದು. ಅಧಿಕಾರಿ ನನ್ನ ಕಣ್ಣು ಹೋದತ್ತ ತಲೆ ತಿರುಗಿಸತೊಡಗಿದ್ದ. ಅಷ್ಟರಲ್ಲಿ ಮೇಸ್ತ್ರಿ ಗೋಡೆ ಬಿಟ್ಟು ಮುಂದೆ ಬಂದ. ಬಳಸಿ ಬರಲಿಲ್ಲ. ಜಮಖಾನದ ಮೇಲೆಯೇ ನಡೆದು, ಅದರ ನಡುವೆ ನಿಂತ. ಹಲಗೆ ಕಿರ್ ಎಂದಿತು.

"ಅನಾ" ಎಂದ, ಎದೆ ಮುಟ್ಟಿಕೊಂಡು. "ಅನಾ ಹರಾಮಿ." ನಾನು, ನಾನು ಕಳ್ಳ.

ಎಲ್ಲಿಂದ ಎಂದು ಕೇಳಿದರು. ಅಹ್ಮದಿಯ ಖಾಲಿ ಮನೆ, ಇಂಗ್ಲಿಷರ ಮನೆ ಎಂದ. ನಿನ್ನ ಕಾಲಿಗೆ ಆಗುವುದಿಲ್ಲವಲ್ಲ ಎಂದರು. ಬೆರಳು ಉಜ್ಜಿ ತೋರಿಸಿದ, ಮಾರಲಿಕ್ಕೆ. ಸಿಪಾಯಿ ಕೋವಿಯ ಹಿಡಿಯಿಂದ ಅವನ ಭುಜಕ್ಕೆ ಹೊಡೆದ. ಮೇಸ್ತ್ರಿ ಮಂಡಿಯೂರಿದ, ಎದ್ದ, ಅಲ್ಲೇ ನಿಂತ. ಆ ಹಲಗೆ ಬಿಟ್ಟು ಒಂದು ಗೇಣೂ ಸರಿಯಲಿಲ್ಲ. ಕಳ್ಳರಿಗೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಲೂಟಿ ಮಾಡಿದವರನ್ನು ಊರಿಗೆ ಕಾಣುವಂತೆ ತೂಗುಹಾಕಿದ್ದಾರೆಂದು ಆಗ ಎಲ್ಲರೂ ಮಾತಾಡುತ್ತಿದ್ದರು. ಊರೆಲ್ಲ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದ ಆ ತಿಂಗಳಲ್ಲಿ, ಮುಚ್ಚಿದ ವರ್ಕ್‌ಶಾಪಿನ ಒಂದು ಸ್ಪ್ಯಾನರನ್ನೂ ಮನೆಗೆ ತಾರದವನು ಅವನು.

ಸಿಸ್ಟರಮ್ಮ ಅರಬ್ಬಿಯಲ್ಲಿ ಬೇಡಿಕೊಂಡರು. ಇವನಿಗೆ ಬುದ್ಧಿ ಕಮ್ಮಿ, ಕೈಕೆಲಸ ಮಾತ್ರ ಚೆನ್ನಾಗಿ ಗೊತ್ತು, ವೆಲ್ಡರ್, ಬಿಟ್ಟುಬಿಡಿ ಎಂದರು. ನಾನು ಏನೂ ಹೇಳಲಿಲ್ಲ. ಅವರು ಅವನನ್ನು ಬರಿಗಾಲಿನಲ್ಲೇ ಜೀಪು ಹತ್ತಿಸಿದರು. ಬೂಟುಗಳನ್ನೂ ಒಯ್ದರು.

ಜೀಪಿನ ಸದ್ದು ಅಡಗಿದ ಮೇಲೂ ಬಹಳ ಹೊತ್ತು ಯಾರೂ ಹಲಗೆ ತೆಗೆಯಲಿಲ್ಲ. ಕೊನೆಗೆ ತೆಗೆದಾಗ ಎಂಜಿನಿಯರರು ಎದ್ದು ಕುಳಿತರು. ಮುಖ ಬಿಳುಚಿತ್ತು. ಎಲ್ಲವೂ ಕೇಳಿಸಿತ್ತು. ಈಗಲೇ ಹೋಗಿ ಆ ಬೂಟು ನನ್ನದೆಂದು ಹೇಳುತ್ತೇನೆ ಎಂದು ಮೆಟ್ಟಿಲು ಹತ್ತತೊಡಗಿದರು. ಸಿಸ್ಟರಮ್ಮ ಎರಡು ಕೈಯಿಂದ ಅವರ ಭುಜ ಒತ್ತಿ ಕೂರಿಸಿ ಇಂಗ್ಲಿಷಿನಲ್ಲಿ ಏನೋ ಗದರಿದರು. ಆಮೇಲೆ ನಮ್ಮ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದರು: "ಇವರು ಹೋದ್ರೆ ಅವ ಕಳ್ಳ ಅಲ್ಲ ಅಂತ ಆಗ್ತದೆ. ಬಚ್ಚಿಟ್ಟವ ಅಂತ ಆಗ್ತದೆ. ಕಳ್ಳನನ್ನಾದ್ರೂ ಬಿಟ್ಟಾರು."

ಮುಂದಿನ ಮೂರು ದಿನಗಳ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ಹೆದರಿಕೆ ಮೇಸ್ತ್ರಿ ಸಾಯುತ್ತಾನೆ ಎಂಬುದಷ್ಟೇ ಆಗಿರಲಿಲ್ಲ. ಅವನು ಹೇಳಿಬಿಟ್ಟರೆ ಎಂಬ ಹೆದರಿಕೆಯೂ ಇತ್ತು, ಅದೇ ಹೆಚ್ಚಾಗಿತ್ತು. ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿ ಹೆಂಡತಿಗೆ ಹೇಳಿದೆ, ಬಸ್ಸು ಸಿಕ್ಕಿದರೆ ಹೊರಡುವ ಎಂದು. ನಾವಿಬ್ಬರೂ ಮನೆಯಲ್ಲಿ ತುಳು ಮಾತಾಡುವವರು. ಅವಳು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ.

"ಮೇಸ್ತ್ರಿಯವರು ಹೇಳುವ ಜನ ಅಲ್ಲ."

"ಹೊಡೆದರೆ ಯಾರಾದರೂ ಹೇಳುತ್ತಾರೆ."

"ಹಾಗಾದರೆ ನೀವು ಹೋಗಿ. ಅವರು ಬಂದಾಗ ಇಲ್ಲಿ ಒಬ್ಬರಾದರೂ ಬೇಕಲ್ಲ, ಅನ್ನ ಹಾಕಲಿಕ್ಕೆ."

ನಾನು ಹೋಗಲಿಲ್ಲ. ಆ ದಿನವೇ ಅವಳು ಹೊರಗಿದ್ದ ಚಪ್ಪಲಿಗಳನ್ನೆಲ್ಲ ಎತ್ತಿ ತಂದು ಹಾಲಿನೊಳಗೆ, ಬೆಂಚಿನ ಅಡಿಯಲ್ಲಿ ಇಟ್ಟಳು. ಕೈ ತೊಳೆದುಕೊಳ್ಳಲಿಲ್ಲ. ಅಲ್ಲೇ ಕುಳಿತು ಅತ್ತಳು. "ಸಾಲಾಗಿ ಇಟ್ಟದ್ದು ನಾನಲ್ವಾ" ಎಂದಳು. ಜಮಖಾನದ ಕಡೆ ನೋಡಿದ್ದು ನಾನು ಎಂದು ಅವಳಿಗೆ ಹೇಳಬೇಕಿತ್ತು. ಆಗ ಹೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸರಪಳಿ ಸದ್ದಾಯಿತು. ಒಂದೇ ಸಲ, ಮೆಲ್ಲಗೆ. ಎಂಜಿನಿಯರರು ಇಳಿದರು, ಹಲಗೆ ನಾನು ಮುಚ್ಚಿದೆ. ಸಿಸ್ಟರಮ್ಮ ಬಾಗಿಲು ತೆಗೆದರೆ ಮೇಸ್ತ್ರಿ. ಗೋಡೆ ಹಿಡಿದು ನಿಂತಿದ್ದ. ಪಾದಗಳು ಊದಿ ಒಡೆದಿದ್ದವು. ಒಳಗೆ ಎತ್ತಿ ತಂದು ಬೆಂಚಿನ ಮೇಲೆ ಮಲಗಿಸಿದೆವು. ಮೊದಲ ದಿನವೆಲ್ಲ ಅಂಗಾಲಿಗೆ ಹೊಡೆದಿದ್ದರು. ಎರಡನೆಯ ದಿನ ಯಾರೋ ಅವನ ಕಸುಬು ಕೇಳಿದರು. ಅವರ ನೀರಿನ ಟ್ಯಾಂಕರು ಎರಡು ಕಡೆ ಸೋರುತ್ತಿತ್ತು. ಕುಳಿತಲ್ಲೇ ಕುಳಿತು ಅದಕ್ಕೆ ಬೆಸುಗೆ ಹಾಕಿದ. ಆಮೇಲೆ ಒಂದು ಗೇಟು, ಒಂದು ಲಾರಿಯ ಹಿಂಬಾಗಿಲು.

"ಕಳ್ಳ ಅಂತ ಹೊಡದ್ರು, ಮೇಸ್ತ್ರಿ ಅಂತ ಬಿಟ್ರು" ಎಂದ. "ನನ್ನ ಕೆಲಸಾ ನೋಡಿ ಅವರಿಗೂ ಸಂಶೇ ಬಂದಿರಬೇಕ್ರಿ, ಇಷ್ಟ ಚಂದ ಬೆಸಗಿ ಹಾಕಾಂವ ಬೂಟ ಯಾಕ ಕದ್ದಾನು ಅಂತ." ನೀರು ಕುಡಿದು, ನನ್ನ ಕಡೆ ತಿರುಗಿದ. "ಅಣ್ಣಾರ, ನಿಮ್ಮ ಕಣ್ಣಿಗೆ ನನ್ನ ವೆಲ್ಡಿಂಗ್ ಗ್ಲಾಸ್ ಹಾಕಬೇಕ ನೋಡ್ರಿ. ಹಲಗಿ ಕಡೆ ಹಂಗ ನೋಡಿದ್ರ ಕುರುಡಗೂ ತಿಳೀತದ."

ಸಿಸ್ಟರಮ್ಮ ನಕ್ಕರು. ಹೆಂಡತಿ ನಗಲಿಲ್ಲ, ನನ್ನ ಮುಖ ನೋಡಿದಳು. ಅವಳಿಗೆ ತಿಳಿದದ್ದು ಆಗ.

ತೊಟ್ಟಿಯಿಂದ ಮೇಲೆ ಬಂದ ಎಂಜಿನಿಯರರು ಬಿಸಿನೀರಿನ ಬೋಗುಣಿ ತರಿಸಿ ಮೇಸ್ತ್ರಿಯ ಕಾಲ ಬುಡದಲ್ಲಿ ಕುಳಿತರು. ಪಾದ ತೊಳೆಯಲು ಕೈ ಹಾಕಿದಾಗ ಮೇಸ್ತ್ರಿ, ಅಷ್ಟು ಹೊಡೆತ ತಿಂದವನು, ಆಗ ಕೂಗಿಕೊಂಡ: "ಬ್ಯಾಡ್ರಿ, ಬ್ಯಾಡ್ರಿ! ಸಿಸ್ಟರಮ್ಮ, ಹೇಳ್ರಿ ಅವರಿಗೆ! ಹಿರೇರು ಅವರು, ನನ್ನ ಕಾಲ ಮುಟ್ಟಿದ್ರ ನನಗ ಪಾಪ ಬರ್ತದ."

ಸಿಸ್ಟರಮ್ಮ ಹೇಳಿದರು. ಎಂಜಿನಿಯರರು ಕೇಳಿಸಿಕೊಂಡರು, ಆದರೆ ಕೈ ತೆಗೆಯಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಎರಡು ಪಾದ ತೊಳೆದು ಒರೆಸಿ ಪಟ್ಟಿ ಕಟ್ಟಿ ಮುಗಿಯುವವರೆಗೂ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂಜಿನಿಯರರು ಹೊರಟರು. ಇನ್ನೊಂದು ಸಲ ಸೈನಿಕರು ಬಂದರೆ ನಿಮ್ಮಲ್ಲಿ ಯಾರಾದರೂ ಮತ್ತೆ ಎದ್ದು ನಿಲ್ಲುತ್ತೀರಿ, ಅದನ್ನು ನಾನು ಕೆಳಗೆ ಮಲಗಿ ಕೇಳಲಾರೆ ಎಂದರು. ಸಿಸ್ಟರಮ್ಮ ಈ ಸಲ ತಡೆಯಲಿಲ್ಲ. ಅವರ ಕಾಲಿಗೆ ಆಗುವ ಬೂಟು ನಮ್ಮಲ್ಲಿರಲಿಲ್ಲ. ಬಚ್ಚಲಿನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡರು. ಹಿಮ್ಮಡಿ ಎರಡು ಬೆರಳು ಹೊರಗಿತ್ತು. ಎಲ್ಲಿಂದ ಬಂದರೆಂದು ತಿಳಿಯಬಾರದೆಂದು ಬೇರೆ ಬೇರೆ ಬೀದಿಗಳಲ್ಲಿ ಸುತ್ತಿ, ವಿದೇಶಿಯರು ಹಾಜರಾಗಬೇಕಾಗಿದ್ದ ಹೊಟೇಲಿಗೆ ಒಬ್ಬರೇ ನಡೆದರು. ನಮ್ಮ ಗೇಟಿನವರೆಗೆ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಹೆಂಡತಿ ಹೋಗಿದ್ದಳು.

ಅಕ್ಟೋಬರಿನಲ್ಲಿ, ಮೇಸ್ತ್ರಿ ಕಾಲೂರುವಂತಾದ ಮೇಲೆ, ನಾವು ಮೂವರೂ ಬಾಗ್ದಾದ್ ದಾರಿಯಾಗಿ ಅಮ್ಮಾನಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಿದೆವು. ಸಿಸ್ಟರಮ್ಮ ಆಸ್ಪತ್ರೆ ಬಿಟ್ಟು ಬರಲು ಒಪ್ಪದೆ ಅಲ್ಲಿಯೇ ಉಳಿದರು. ಡಿಸೆಂಬರಿನಲ್ಲಿ ಒತ್ತೆಯಾಳುಗಳನ್ನು ಬಿಟ್ಟ ಸುದ್ದಿ ಊರಿನ ರೇಡಿಯೋದಲ್ಲಿ ಕೇಳಿದೆವು. ಎಂಜಿನಿಯರರೂ ಅವರಲ್ಲಿ ಇದ್ದರೆಂದು ಖಚಿತವಾದದ್ದು ಮರುವರ್ಷ, ಸಿಸ್ಟರಮ್ಮನಿಗೆ ಸ್ಕಾಟ್ಲೆಂಡಿನಿಂದ ಬಂದ ಕಾಗದದಿಂದ. ಬದುಕಿ ಮನೆ ಸೇರಿದ್ದೇನೆ ಎಂದು ಬರೆದಿದ್ದರು. ವೆಲ್ಡರ್ ನಡೆಯುತ್ತಾನೆಯೇ ಎಂದು ಕೇಳಿದ್ದರು.

ಆ ಎಂಜಿನಿಯರರು ಈಗಿಲ್ಲ. ಸಿಸ್ಟರಮ್ಮ ಉಡುಪಿಯಲ್ಲಿ ತೀರಿಕೊಂಡರು. ಆ ಅಧಿಕಾರಿಯೂ ಇಬ್ಬರು ಸಿಪಾಯಿಗಳೂ ಆ ಯುದ್ಧದಲ್ಲಿ ಉಳಿದರೋ ಇಲ್ಲವೋ ನನಗೆ ತಿಳಿಯದು. ನನ್ನನ್ನು ಬಿಟ್ಟರೆ ಅದನ್ನು ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು. ನನ್ನ ಹೆಂಡತಿ, ಆಗ ಬಾಗಿಲ ಬಳಿ ಸಿಪಾಯಿಯ ಕೈಯಿಂದ ಖಾಲಿ ಲೋಟ ತೆಗೆದುಕೊಳ್ಳುತ್ತಿದ್ದವಳು. ಅವಳು ಬೂಟನ್ನು ನೋಡಿದಳು, ನನ್ನ ಕಣ್ಣನ್ನು ನೋಡಲಿಲ್ಲ. ಇನ್ನೊಬ್ಬ ಮೇಸ್ತ್ರಿ. ಬಾಗಲಕೋಟೆಯ ಹತ್ತಿರದ ಒಂದು ಹಳ್ಳಿಯಲ್ಲಿದ್ದಾನೆ, ನಡೆಯುತ್ತಾನೆ. ಅವನು ಎರಡನ್ನೂ ನೋಡಿದ್ದಾನೆ.